ಹಿತ್ತಿಲ ಕಡೆಗೆ ವಾಲಿದ ನೆಲ

ಮನೆ ಸರಿಯಿಲ್ಲ ಅನ್ನುವುದು ಟೈಲ್ಸ್ ಮೇಸ್ತ್ರಿಗೆ ಮೂರನೆಯ ದಿನವೇ ಗೊತ್ತಾಯಿತು. ಅದನ್ನು ಹೆಂಡತಿಗೆ ಹೇಳಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟು ಹೊತ್ತಿಗೆ ಮನೆಯೇ ಉಳಿದಿರಲಿಲ್ಲ.

ದೊಡ್ಡ ಊರಿನಲ್ಲಿ ಅವರಿಗಿದ್ದದ್ದು ಒಂದೇ ಕೋಣೆ. ಮಂಚದ ಮೇಲೆ ಮಗಳು, ಮಂಚದ ಕೆಳಗೆ ಪಾತ್ರೆ ಪಡಗ, ಉಳಿದ ನೆಲದ ಮೇಲೆ ಗಂಡ ಹೆಂಡತಿ. ಯಾರಾದರೂ ನೆಂಟರು ಬಂದರೆ ಮೇಸ್ತ್ರಿ ಎದ್ದು ಹೋಗಿ ಮೆಟ್ಟಿಲ ಮೇಲೆ ಕೂರಬೇಕು. ಮಾಲೀಕ ವರ್ಷವರ್ಷವೂ ಬಾಡಿಗೆ ಏರಿಸುತ್ತಿದ್ದ; ಈ ಸಲ ಏರಿಸಿದ್ದು ಕುತ್ತಿಗೆಗೇ ಬಂತು. ಅದೇ ಹೊತ್ತಿಗೆ ಕೆಲಸವೂ ಕೈಕೊಟ್ಟಿತು. ವಾರದಲ್ಲಿ ಎರಡು ದಿನ ಕೆಲಸ, ಐದು ದಿನ ಫೋನು ಹಿಡಿದು ಕೂರುವುದು.

ಹಾಗೆ ಕೂತಿದ್ದ ಒಂದು ದಿನ ಹಳೆಯ ಗುತ್ತಿಗೆದಾರನ ಫೋನು ಬಂತು. ಏನು ಕೇಳಿದರೂ ಏನು ಹೇಳಿದರೂ ಮೊದಲು 'ಆಗ್ಲಿ ಬಿಡಿ' ಅನ್ನುವುದು ಅವನ ಅಭ್ಯಾಸ, ಹಾಗಾಗಿ ಕೆಲಸದವರೆಲ್ಲ ಅವನನ್ನು ಕರೆಯುತ್ತಿದ್ದದ್ದೇ ಆಗ್ಲಿಬಿಡಿ ಎಂದು. ಅವನು ಈಗ ನೂರಾರು ಮೈಲಿ ಆಚೆ ಒಂದು ಸಣ್ಣ ಊರಿನಲ್ಲಿದ್ದ. ಅಲ್ಲಿ ನೆಲ ಹಾಸುವವರಿಗೆ ಕೈತುಂಬ ಕೆಲಸ, ಬಾಡಿಗೆ ಮನೆ ನೀರಿನ ಬೆಲೆಗೆ ಸಿಗುತ್ತದೆ, ಕಣ್ಣು ಮುಚ್ಚಿಕೊಂಡು ಹೊರಟು ಬನ್ನಿ ಎಂದ. ಮೇಸ್ತ್ರಿ ಕಣ್ಣು ಮುಚ್ಚಿಕೊಂಡೇ ಹೊರಟ.

ಬಂದು ನೋಡಿದರೆ ಆಗ್ಲಿಬಿಡಿ ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಎರಡು ಕೋಣೆ, ಬೇರೆ ಅಡುಗೆಮನೆ, ಅದರ ಹಿಂದೆ ಬಚ್ಚಲು, ಅದರಾಚೆ ಬಟ್ಟೆ ಒಣಹಾಕಲು ಹಿತ್ತಿಲು. ಹೆಂಡತಿ ಕೋಣೆಯಿಂದ ಕೋಣೆಗೆ ಸುಮ್ಮಸುಮ್ಮನೆ ಓಡಾಡಿದಳು. ಏಳು ವರ್ಷದ ಮಗಳು ತನ್ನ ಕೋಣೆಯ ಬಾಗಿಲು ಹಾಕಿಕೊಂಡು, ಒಳಗೆ ಬರುವವರು ತಟ್ಟಿ ಬರಬೇಕು ಎಂದು ಕಾನೂನು ಮಾಡಿದಳು. ವಾರದೊಳಗೆ ಹೆಂಡತಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಇಸ್ತ್ರಿಯ ಕೆಲಸವೂ ಸಿಕ್ಕಿತು.

ಮೂರನೆಯ ದಿನ ಒಲೆಯ ಮೇಜು ಸ್ವಲ್ಪ ಅಲುಗಾಡುತ್ತಿದೆ ಎಂದು ಹೆಂಡತಿ ಹೇಳಿದಳು. ಮೇಸ್ತ್ರಿ ಚೀಲದಿಂದ ರಸಮಟ್ಟ ತೆಗೆದು ನೆಲದ ಮೇಲಿಟ್ಟ. ಗಾಜಿನ ಕೊಳವೆಯೊಳಗಿನ ಗುಳ್ಳೆ ನಡುವೆ ನಿಲ್ಲಲಿಲ್ಲ. ಬೀದಿಯ ಕಡೆಗೆ ಸರಿದು ಕೊನೆಗೆ ಹೋಗಿ ಕೂತಿತು. ಅಂದರೆ ನೆಲ ಹಿತ್ತಿಲ ಕಡೆಗೆ ಇಳಿಜಾರು. ನಡುಕೋಣೆಯಲ್ಲಿ ಇಟ್ಟ, ಅಲ್ಲೂ ಹಾಗೆಯೇ. ಮಗಳ ಬಾಗಿಲು ತಟ್ಟಿ ಒಳಗೆ ಹೋಗಿ ಇಟ್ಟ, ಅಲ್ಲೂ ಅದೇ. ಇಪ್ಪತ್ತು ವರ್ಷ ನೆಲ ಹಾಸಿದವನಿಗೆ, ಒಂದು ಕೋಣೆ ಓರೆಯಾದರೆ ಅದು ಕೆಲಸದವನ ತಪ್ಪು, ಇಡೀ ಮನೆ ಒಂದೇ ಕಡೆಗೆ ಓರೆಯಾದರೆ ಅದು ಬೇರೆ ಏನೋ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೆಂಡತಿ ಏನಾಯಿತು ಎಂದು ಕೇಳಿದಳು. ಮೇಜಿನ ಕಾಲಿನ ಕೆಳಗೆ ಒಂದು ಬಿಲ್ಲೆ ಕೊಟ್ಟರೆ ಸರಿಹೋಗುತ್ತದೆ ಎಂದ. ಕೊಟ್ಟ. ಸರಿಹೋಯಿತು.

ಕೆಲಸವಂತೂ ಉಸಿರಾಡಲು ಬಿಡದಷ್ಟಿತ್ತು. ಒಂದು ಮನೆ ಮುಗಿಯುವ ಮೊದಲೇ ಇನ್ನೊಂದು ಮನೆಯವರು ಬಾಗಿಲಲ್ಲಿ ನಿಂತಿರುತ್ತಿದ್ದರು. ಎಲ್ಲ ಮನೆಯದ್ದೂ ಒಂದೇ ಕಾಯಿಲೆ: ನೆಲ ಬಿರಿದಿದೆ, ಬಾಗಿಲು ಉಜ್ಜುತ್ತದೆ, ಕಿಟಕಿ ಮುಚ್ಚುವುದಿಲ್ಲ. ಎರಡನೆಯ ತಿಂಗಳಲ್ಲಿ ಒಬ್ಬ ನಿವೃತ್ತ ಟೀಚರಮ್ಮನ ಮನೆಯ ನೆಲ ಕೀಳುತ್ತಿದ್ದಾಗ ಟೈಲ್ಸಿನ ಕೆಳಗೆ ಇನ್ನೊಂದು ನೆಲ ಸಿಕ್ಕಿತು. ಅದು ಕೆಂಪು ಬಿಲ್ಲೆಯದು, ಬಿರಿದದ್ದು. ಅದನ್ನೂ ಕಿತ್ತರೆ ಅದರ ಕೆಳಗೆ ಕಲ್ಲಿನದು, ಅದೂ ಬಿರಿದದ್ದು. ಅವನು ಉಳಿ ಕೆಳಗಿಟ್ಟು ಕೂತುಬಿಟ್ಟ. ಟೀಚರಮ್ಮ ಕುರ್ಚಿ ಎಳೆದುಕೊಂಡು ಬಂದು ಪಾಠ ಹೇಳುವ ದನಿಯಲ್ಲಿ ವಿವರಿಸಿದರು. ಈ ಊರಿನ ಅಡಿಯಲ್ಲಿ ಉಪ್ಪಿನ ಪದರವಿದೆ. ಹಿಂದೆ ಕಂಪನಿಯೊಂದು ನೆಲದೊಳಕ್ಕೆ ನೀರು ಬಿಟ್ಟು, ಉಪ್ಪು ಕರಗಿಸಿ, ಆ ನೀರನ್ನು ಪಂಪಿನಲ್ಲಿ ಎತ್ತುತ್ತಿತ್ತು. ಕಂಪನಿ ಮುಚ್ಚಿ ಎಷ್ಟೋ ಕಾಲವಾಯಿತು. ಕೆಳಗಿನ ಟೊಳ್ಳು ಹಾಗೇ ಉಳಿಯಿತು.

"ನಿಮ್ಮಂಥೋರಿಗೆ ಇಲ್ಲಿ ಇಷ್ಟೊಂದು ಕೆಲಸ ಯಾಕಿದೆ ಅಂದ್ಕೊಂಡಿದ್ದೆ ನೀನು?" ಎಂದು ಕೇಳಿ, ಅವನ ಮುಖ ನೋಡಿ ಟೀಚರಮ್ಮ ಸ್ವಲ್ಪ ಮೆತ್ತಗಾದರು. "ನಮ್ಮ ಬೀದಿಗೇನೂ ಆಗಲ್ಲಪ್ಪ. ಸ್ವಲ್ಪ ಕುಸಿಯುತ್ತೆ, ನಿಲ್ಲುತ್ತೆ. ಕೆಟ್ಟಿರೋದು ಹಳೇ ಪಂಪ್‌ಮನೆ ಹಿಂದಿನ ಬೀದಿ. ಅಲ್ಲಿ ಗೊತ್ತಿದ್ದೋರು ಯಾರೂ ಇರಲ್ಲ."

ಮೇಸ್ತ್ರಿಯ ಮನೆ ಇದ್ದದ್ದು ಪಂಪ್‌ಮನೆಯ ಹಿಂದಿನ ಬೀದಿಯಲ್ಲೇ. ಆಮೇಲೆ ಹಾಸಿದ ಮೊದಲ ಎರಡು ಸಾಲನ್ನು ಅವನು ಕಿತ್ತು ಮತ್ತೆ ಹಾಸಬೇಕಾಯಿತು.

ಅದೇ ಸಂಜೆ ಅವನು ನೇರ ಆಗ್ಲಿಬಿಡಿಯ ಸಾಮಾನಿನ ಷೆಡ್ಡಿಗೆ ಹೋದ. ಆಗ್ಲಿಬಿಡಿ ಸಿಮೆಂಟಿನ ಮೂಟೆಗಳ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡ. ವರ್ಷಕ್ಕೆ ಒಂದು ಬೆರಳಿನಷ್ಟು ಇಳಿದರೆ ಹೆಚ್ಚು, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಆ ಮನೆ ನಿಂತಿರುತ್ತದೆ ಎಂದ. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ಆ ಬಾಡಿಗೆಗೆ ಎರಡು ಕೋಣೆ ಹೇಗೆ ಕೊಡುತ್ತಾರೆ ಎಂದು ನೀವು ಯಾಕೆ ಕೇಳಲಿಲ್ಲ ಎಂದ. ಕೇಳಬಾರದೆಂದೇ ಮೇಸ್ತ್ರಿ ಕೇಳಿರಲಿಲ್ಲ.

"ಈ ಮಾತನ್ನ ಇಲ್ಲಿಗೇ ಬಿಡಿ ಮೇಸ್ತ್ರಿ," ಎಂದ ಆಗ್ಲಿಬಿಡಿ ಕೊನೆಗೆ. "ಜನ ಹೆದರಿ ಊರು ಬಿಟ್ರೆ ನೆಲ ಹಾಕ್ಸೋರು ಯಾರು? ನಿಮ್ಮ ಅನ್ನಕ್ಕೂ ಕಲ್ಲು, ನಮ್ಮ ಅನ್ನಕ್ಕೂ ಕಲ್ಲು."

ಅಂದಿನಿಂದ ಮೇಸ್ತ್ರಿಯ ಮೈಯೆಲ್ಲ ಕಿವಿಯಾಯಿತು. ಬೀದಿಯಲ್ಲಿ ಲಾರಿ ಹೋದರೆ ತಟ್ಟೆಯ ಮುಂದೆ ಕೂತವನು ತುತ್ತು ಹಿಡಿದೇ ಕಿವಿಗೊಡುತ್ತಿದ್ದ. ಹೆಂಡತಿ ಕೆಲಸಕ್ಕೆ, ಮಗಳು ಶಾಲೆಗೆ ಹೋದ ಮೇಲೆ ಬೀರುವನ್ನು ಸರಿಸಿ, ಗೋಡೆಯ ಬಿರುಕಿನ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆಯುತ್ತಿದ್ದ. ಮೊದಮೊದಲು ಹದಿನೈದು ದಿನಕ್ಕೊಂದು ಗೆರೆ, ಆಮೇಲೆ ವಾರಕ್ಕೊಂದು, ಆಮೇಲೆ ಮೂರು ದಿನಕ್ಕೊಂದು. ಮಗಳು ಹಿತ್ತಿಲಲ್ಲಿ ಹಗ್ಗದಾಟ ಆಡಬಾರದೆಂದ. ಯಾಕೆ ಎಂದು ಅವಳು ಕೇಳಿದಾಗ, ಹಾವಿದೆ ಎಂದು ಬಾಯಿಗೆ ಬಂದ ಸುಳ್ಳು ಹೇಳಿದ. ಬಟ್ಟೆ ಒಗೆದ ನೀರನ್ನು ಹಿತ್ತಿಲಿಗೆ ಚೆಲ್ಲಲು ಬಿಡದೆ ಬಕೆಟ್ಟಿನಲ್ಲಿ ಹೊತ್ತು ಬೀದಿಯ ಚರಂಡಿಗೆ ಸುರಿದು ಬರುತ್ತಿದ್ದ. ಗಂಡನಿಗೆ ಇಷ್ಟು ವರ್ಷಕ್ಕೆ ಮನೆಗೆಲಸದ ಮೇಲೆ ಮನಸ್ಸು ಬಂತಲ್ಲ ಎಂದು ಪಕ್ಕದ ಮನೆಯಾಕೆ ಹೆಂಡತಿಯನ್ನು ಹಾಸ್ಯ ಮಾಡಿದಳು. ಹೆಂಡತಿ ನಕ್ಕಳು. ಆದರೆ ಅವನ ಮುಖ ನೋಡಿ ನಗಲಿಲ್ಲ.

ದಿನಕ್ಕೆ ಹತ್ತು ಸಲ ಹೇಳಬೇಕೆಂದು ಬಾಯಿ ತೆರೆಯುತ್ತಿದ್ದ. ಅವಳು ಕಿಟಕಿಗೆ ಪರದೆ ಹೊಲಿಯುತ್ತಿರುವಳು, ಇಲ್ಲವೇ ಮಗಳ ಕೋಣೆಯ ಗೂಡಿನಲ್ಲಿ ಪುಸ್ತಕ ಜೋಡಿಸುತ್ತಿರುವಳು. ತೆರೆದ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಇಲ್ಲಿಗೆ ಕರೆತಂದವನು ತಾನು. ಹೊರಡೋಣ ಎಂದರೆ ಎಲ್ಲಿಗೆ ಎಂದು ಅವಳು ಕೇಳುತ್ತಾಳೆ. ಆ ಒಂದು ಪ್ರಶ್ನೆಗೆ ಅವನು ನೆಲಕ್ಕಿಂತ ಹೆಚ್ಚು ಹೆದರುತ್ತಿದ್ದ.

ನಾಲ್ಕನೆಯ ತಿಂಗಳಿನ ಒಂದು ರಜೆಯ ದಿನ ಬೆಳಗ್ಗೆ, ಒಂಬತ್ತು ಗಂಟೆಯಿರಬಹುದು, ಮಗಳು ಸ್ನಾನಕ್ಕೆ ಹೋಗಿದ್ದಳು. ತಾನು ಈಗ ದೊಡ್ಡವಳೆಂದು ಅವಳು ಒಳಗಿನಿಂದ ಚಿಲಕ ಹಾಕಿಕೊಂಡೇ ಸ್ನಾನ ಮಾಡುವುದು. ಮೇಸ್ತ್ರಿ ಅಡುಗೆಮನೆಯಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದ. ನಲ್ಲಿಯ ನೀರು ಒಮ್ಮೆ ಕೆಮ್ಮಿ, ಕಂದುಬಣ್ಣಕ್ಕೆ ತಿರುಗಿ, ನಿಂತಿತು. ಆಮೇಲೆ ಕಾಲಡಿಯಲ್ಲಿ, ಯಾರೋ ತುಂಬಿದ ಮೂಟೆಯನ್ನು ನಿಧಾನವಾಗಿ ಎಳೆದಂಥ ಸದ್ದು.

ಬಚ್ಚಲಿನ ಬಾಗಿಲು ಬಡಿದು, ಹೊರಗೆ ಬಾ ಎಂದ. ಬಟ್ಟೆ ಹಾಕ್ಕೋಬೇಕು ಎಂದಳು ಮಗಳು. ಹಾಗೇ ಬಾ ಎಂದ. ಚಿಲಕ ಅಲುಗಾಡುವ ಸದ್ದು ಕೇಳಿಸಿತು, ಮತ್ತೆ ಅಲುಗಾಡಿತು.

"ಅಪ್ಪಾ, ಚಿಲಕ ಬರ್ತಿಲ್ಲ."

ಚೌಕಟ್ಟು ಓರೆಯಾಗಿ ಚಿಲಕವನ್ನು ಕಚ್ಚಿ ಹಿಡಿದಿತ್ತು. ಅವನು ಭುಜ ಕೊಟ್ಟು ನೂಕಿದ, ಬಾಗಿಲು ಮಿಸುಕಲಿಲ್ಲ. ನೋಡನೋಡುತ್ತಿದ್ದಂತೆ ಅಡುಗೆಮನೆಯ ಟೈಲ್ಸು ಒಂದೊಂದಾಗಿ, ಗೋಡೆಯ ಕಡೆಯಿಂದ ಅವನ ಕಾಲಿನ ಕಡೆಗೆ, ಒಣಕಡ್ಡಿ ಮುರಿದಂತೆ ಚಟ್ ಚಟ್ ಎಂದು ಬಿರಿಯುತ್ತ ಬಂದವು. ಸುತ್ತಿಗೆಗಾಗಿ ಮೂಲೆಯಲ್ಲಿದ್ದ ಕೆಲಸದ ಚೀಲಕ್ಕೆ ಕೈಹಾಕಿದ. ಉಳಿ, ಕರಣೆ, ಹಗ್ಗ ಎಲ್ಲವೂ ಸಿಕ್ಕಿದವು, ಸುತ್ತಿಗೆ ಸಿಗಲಿಲ್ಲ. ಕೊನೆಗೆ ಚೀಲವನ್ನೇ ನೆಲಕ್ಕೆ ಸುರಿದ. ಬಾಗಿಲಿನ ಕೆಳಭಾಗದ ಹಲಗೆ ನೀರು ಬಿದ್ದೂ ಬಿದ್ದೂ ಲಡ್ಡಾಗಿತ್ತು. ಅಲ್ಲಿಗೇ ಬಾರಿಸಿದ. ನಾಲ್ಕನೆಯ ಏಟಿಗೆ ತೂತಾಯಿತು, ಆರನೆಯದಕ್ಕೆ ಹಲಗೆ ಕಳಚಿತು. ಮಗಳನ್ನು ಮಲಗಿಕೊಳ್ಳಲು ಹೇಳಿ, ಒಳಗೆ ಎರಡೂ ಕೈ ಚಾಚಿದ. ಸೋಪಿನ ಮೈ, ಒಮ್ಮೆ ಹಿಡಿದದ್ದು ಜಾರಿತು. ಎರಡನೆಯ ಸಲ ತೋಳಿನ ಸಂದಿಯಲ್ಲಿ ಹಿಡಿದು ಎಳೆದುಕೊಂಡ. ಬೆನ್ನು ತರಚಿ ಮಗು ಕಿರುಚಿತು. ಎದೆಗವಚಿಕೊಂಡು ಓಡಿದ.

ಬೀದಿಬಾಗಿಲಲ್ಲಿ ಹೆಂಡತಿ ಚಪ್ಪಲಿ ಮೆಟ್ಟಿ, ಹೆಗಲಿಗೆ ದೊಡ್ಡ ಚೀಲ ಹಾಕಿ, ಬಾಗಿಲನ್ನು ಬೆನ್ನಿನಿಂದ ತೆರೆದು ಹಿಡಿದು ನಿಂತಿದ್ದಳು. ಅವರು ದಾಟಿದ ಮೇಲೆ ತಾನೂ ಹೊರಬಂದಳು. ಪಕ್ಕದ ಮನೆಯವರೂ ಆಚೆ ಬಂದರು. ಬೀದಿಯ ಆ ಬದಿಗೆ ನಿಂತು ನೋಡಿದರೆ, ಮನೆಯ ಹಿಂಭಾಗ ಯಾವ ಆತುರವೂ ಇಲ್ಲದೆ, ಮುದುಕರು ಕೂರುವ ಹಾಗೆ, ಕೂತಿತು. ಧೂಳು ಎದ್ದಿತು. ಮುಂಭಾಗ ಹಾಗೇ ನಿಂತಿತ್ತು. ಹೆಂಡತಿ ಹೊಲಿದ ಪರದೆ ಕಿಟಕಿಯಲ್ಲಿ ಆಡುತ್ತಿತ್ತು. ಬಚ್ಚಲಿದ್ದ ಜಾಗದಲ್ಲಿ ಎರಡು ಲಾರಿ ಹಿಡಿಯುವಷ್ಟು ಹೊಂಡ, ತಳದಲ್ಲಿ ಬೂದು ನೀರು.

ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಪುರಸಭೆಯವರು ಬಂದು ಹಗ್ಗ ಕಟ್ಟಿ, ಅಕ್ಕಪಕ್ಕದ ಎರಡು ಮನೆಯವರನ್ನೂ ಸೇರಿಸಿ ಶಾಲೆಯ ಹಾಲಿನಲ್ಲಿ ಇಳಿಸಿದರು. ಮಧ್ಯಾಹ್ನ ಮಗಳು ಬೆಂಚಿನ ಮೇಲೆ ನಿದ್ದೆ ಹೋದ ಮೇಲೆ ಮೇಸ್ತ್ರಿ ಹೆಂಡತಿಯ ಮುಂದೆ ಕೂತು ಮೂರನೆಯ ದಿನದಿಂದ ಶುರುಮಾಡಿ ಎಲ್ಲವನ್ನೂ ಹೇಳಿದ. ಬೈಯುತ್ತಾಳೆ, ಬೈದರೆ ಹಗುರವಾಗುತ್ತದೆ ಎಂದುಕೊಂಡಿದ್ದ. ಅವಳು ಚೀಲದಿಂದ ಅವನಿಗೊಂದು ಅಂಗಿ ತೆಗೆದುಕೊಟ್ಟಳು. ಆಗ ಅವನು ಚೀಲದ ಒಳಗನ್ನು ನೋಡಿದ. ಮೂವರಿಗೂ ಎರಡೆರಡು ಜೊತೆ ಬಟ್ಟೆ, ಮಗಳ ಶಾಲೆಯ ಕಾಗದಗಳು, ಗುರುತಿನ ಚೀಟಿಗಳು, ಔಷಧಿ, ಟಾರ್ಚು. ಆ ಒಂದು ನಿಮಿಷದಲ್ಲಿ ತುಂಬಿದ ಚೀಲವಾಗಿರಲಿಲ್ಲ ಅದು.

"ಬೀರುವಿನ ಹಿಂದೆ ಕಸ ಗುಡಿಸೋವಾಗ ನಿಮ್ಮ ಗೆರೆ ಕಂಡಿತ್ತು," ಎಂದಳು. "ಒಂದೂವರೆ ತಿಂಗಳಾಯ್ತು. ಅವತ್ತೇ ಕಟ್ಟಿಟ್ಟೆ."

"ಮತ್ತೆ ಯಾಕೆ ಕೇಳಲಿಲ್ಲ?"

ಅವಳು ಮಗಳ ಬೆನ್ನಿನ ತರಚುಗಾಯಕ್ಕೆ ತಾಕದಂತೆ ಹೊದಿಕೆ ಸರಿಮಾಡಿದಳು. "ಕೇಳಿದ್ರೆ ನೀವು ಹೌದು ಅಂತಿದ್ರಿ. ಹೌದು ಅಂದ್ಮೇಲೆ ಆ ಒಂದು ಕೋಣೆಗೆ ವಾಪಸ್ ಹೋಗ್ಬೇಕಾಗ್ತಿತ್ತು. ನಂಗೆ ಅದರ ಭಯ ಇದಕ್ಕಿಂತ ಜಾಸ್ತಿ ಇತ್ತು ರೀ. ಇನ್ನೊಂದು ತಿಂಗಳು, ಇನ್ನೊಂದು ತಿಂಗಳು ಅಂತ ತಳ್ತಾ ಬಂದೆ."

ಒಂದೇ ಸೂರಿನಡಿ ಇಬ್ಬರೂ ಒಂದೇ ಭಯವನ್ನು ಬೇರೆಬೇರೆಯಾಗಿ ಬಚ್ಚಿಟ್ಟುಕೊಂಡು, ಅದರ ಮೇಲೆ ಮಗುವನ್ನು ಮಲಗಿಸಿದ್ದರು. ಮೇಸ್ತ್ರಿಗೆ ಅಳು ಬಂತು. ಶಾಲೆಯ ಹಾಲಿನಲ್ಲಿ ಎಲ್ಲರೆದುರು ಅಳಲಾಗದೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಕೂತ.

ದೊಡ್ಡ ಊರಿಗೆ ಅವರು ಮರಳಲಿಲ್ಲ. ಊರಿನ ಇನ್ನೊಂದು ತುದಿಯಲ್ಲಿ ನೆಲ ಬಂಡೆಗಲ್ಲಿನದು. ಅಲ್ಲಿ ಲಾಂಡ್ರಿಯ ಹಿಂದೆ ಒಂದು ಕೋಣೆ ಸಿಕ್ಕಿತು. ಒಂದೇ ಕೋಣೆ, ಬಾಡಿಗೆ ಹೆಚ್ಚುಕಡಿಮೆ ಬಿಟ್ಟುಬಂದ ಕೋಣೆಯಷ್ಟೇ. ಮಗಳು ಈಗ ಯಾವ ಬಾಗಿಲಿಗೂ ಚಿಲಕ ಹಾಕುವುದಿಲ್ಲ. ಅಮ್ಮ ಹೊರಗೆ ನಿಂತು ಮಾತಾಡುತ್ತಿದ್ದರೆ ಮಾತ್ರ ಸ್ನಾನ. ಮೇಸ್ತ್ರಿ ನೆಲ ಹಾಸುವುದನ್ನು ಬಿಡಲಿಲ್ಲ, ಬಿಟ್ಟರೆ ಬೇರೆ ಗತಿಯಿರಲಿಲ್ಲ. ಆದರೆ ಪಂಪ್‌ಮನೆಯ ಹಿಂದಿನ ಬೀದಿಯಲ್ಲಿ, ಹಗ್ಗ ಕಟ್ಟಿದ ಜಾಗದಿಂದ ಐದು ಮನೆ ಈಚೆ, ಬಾಡಿಗೆಗೆ ಕೊಡಲು ಹೊಸ ನೆಲ ಹಾಸಬೇಕು ಎಂದು ಆಗ್ಲಿಬಿಡಿ ಕರೆದಾಗ ಒಲ್ಲೆ ಎಂದ. ಆಗ್ಲಿ ಬಿಡಿ ಎಂದ ಅವನು ಬೇರೆಯವರಿಂದ ಹಾಸಿಸಿದ.

ಎರಡು ವಾರ ಕಳೆದು ಆ ದಾರಿಯಲ್ಲಿ ಬರುವಾಗ ಅದೇ ಮನೆಯ ಮುಂದೆ ಸಾಮಾನಿನ ಗಾಡಿ ನಿಂತದ್ದು ಕಂಡಿತು. ಒಬ್ಬ ಹುಡುಗನಂಥ ಗಂಡ ಹಾಸಿಗೆ ಇಳಿಸುತ್ತಿದ್ದ. ಏಳೆಂಟು ತಿಂಗಳ ಬಸುರಿ ಹೆಂಡತಿ ಬಾಗಿಲಲ್ಲಿ ನಿಂತು ಹೊಸ ನೆಲವನ್ನು ನೋಡುತ್ತಿದ್ದಳು. ಮೇಸ್ತ್ರಿ ನಿಂತ. ಅವರ ಬಳಿ ಹೋಗಿ, ತಾನು ಯಾರು, ಆ ಹಗ್ಗ ಯಾಕಿದೆ, ಕೆಳಗೆ ಏನಿಲ್ಲ ಎಂಬುದನ್ನು ಉಸಿರು ಬಿಡದೆ ಹೇಳಿದ.

ಇಬ್ಬರೂ ಗೌರವದಿಂದಲೇ ಕೇಳಿದರು. ಮೇಸ್ತ್ರಿ ಈಗಿರುವ ಬಂಡೆಯ ತುದಿಯಲ್ಲಿ ಬಾಡಿಗೆ ಎಷ್ಟು ಎಂದು ಗಂಡ ಕೇಳಿದ. ಮೇಸ್ತ್ರಿ ಹೇಳಿದ. ಗಂಡ ಹೆಂಡತಿಯನ್ನು ನೋಡಿದ, ಹೆಂಡತಿ ನೆಲ ನೋಡಿದಳು.

"ಎಷ್ಟು ದಿನ ತಡೆಯುತ್ತೆ ಅಣ್ಣಾ, ಅಂದಾಜು?" ಎಂದು ಕೇಳಿದಳು.

ಅವನಿಗೆ ಗೊತ್ತಿರಲಿಲ್ಲ. ಬಚ್ಚಲಿಗೆ ಚಿಲಕ ಹಾಕಬೇಡಿ, ಹಿತ್ತಿಲಿಗೆ ನೀರು ಬಿಡಬೇಡಿ, ಒಂದು ಚೀಲ ಕಟ್ಟಿ ಬಾಗಿಲ ಹತ್ತಿರ ಇಟ್ಟುಕೊಳ್ಳಿ ಎಂದ. ಅವಳು ಒಂದೊಂದಕ್ಕೂ ತಲೆಯಾಡಿಸಿದಳು. ಗಂಡ ಗಾಡಿಯಿಂದ ಬೀರುವನ್ನು ಅರ್ಧ ಎಳೆದು ನಿಂತಿದ್ದ. ಆ ಕಡೆ ಸ್ವಲ್ಪ ಹಿಡಿಯುತ್ತೀರಾ, ಇವಳು ಎತ್ತುವ ಹಾಗಿಲ್ಲ ಎಂದ.

ಮೇಸ್ತ್ರಿ ಹಿಡಿದ. ಬೀರು ಭಾರವಾಗಿತ್ತು. ಹೊಸಿಲು ದಾಟುವಾಗ ಅವನು ಮೊದಲು ಕಾಲ್ಬೆರಳ ತುದಿಯನ್ನು ಊರಿ, ಆಮೇಲೆ ಹಿಮ್ಮಡಿಯನ್ನು ಊರಿ, ಮೈಯ ಭಾರವನ್ನು ನಿಧಾನವಾಗಿ ಆ ನೆಲದ ಮೇಲೆ ಬಿಟ್ಟ.