ಅಧ್ಯಕ್ಷರ ರಿಟರ್ನ್ಸ್ ನೋಡಲು ಹೋದ ಡಾರ್ಲಾ

ಕಾನೂನು ಓದದವರು ಕಾನೂನಿನ ಕಥೆ ಹೇಳುವುದು ಅಧಿಕಪ್ರಸಂಗವೇ ಸರಿ. ಗ್ರಂಥಾಲಯದಲ್ಲಿ ಕೂತು ಎರಡೆರಡು ಸಲ ನೋಡಿಕೊಂಡು ಬರೆದದ್ದು; ಆದರೂ ಎಲ್ಲೋ ತಪ್ಪು ಉಳಿದಿರಬಹುದು, ಮನ್ನಿಸಬೇಕು. ಡಾರ್ಲಾ ಹೆಕ್‌ಮನ್‌ಗೆ ಆದದ್ದು ಇನ್ನೊಂದು ಮನೆಗೆ ಆಗಬಾರದು, ಅದಕ್ಕಾಗಿ ಹೇಳಬೇಕಾಗಿದೆ.

ಡಾರ್ಲಾ ಅಮೆರಿಕದ ತೆರಿಗೆ ಇಲಾಖೆಯಲ್ಲಿ ಗುಮಾಸ್ತೆ. ಜನ ವರ್ಷದ ಆದಾಯ, ತೆರಿಗೆಗಳ ಲೆಕ್ಕ ತುಂಬಿ ಕಳಿಸಿದ ರಿಟರ್ನ್ಸ್‌ನಲ್ಲಿ ತಪ್ಪಿದ್ದರೆ ಕಂಪ್ಯೂಟರಿನಲ್ಲಿ ತೆರೆದು ತಿದ್ದುವುದು ಅವಳ ಕೆಲಸ. ಹತ್ತೊಂಬತ್ತು ವರ್ಷದಿಂದ ಅದೇ ಕುರ್ಚಿ. ಗಂಡ ಲೈಲ್ ಎರಕದ ಕಾರ್ಖಾನೆಯಲ್ಲಿದ್ದವನು. ಕಾರ್ಖಾನೆಯ ದೂಳು ಅವನ ಎದೆಯಲ್ಲಿ ಕೂತಿತು, ಆಮೇಲೆ ಕಾರ್ಖಾನೆಯೇ ಮುಚ್ಚಿತು. ಈಗ ಮೂಗಿಗೆ ಆಮ್ಲಜನಕದ ನಳಿಗೆ, ಪಕ್ಕದಲ್ಲಿ ಗುರ್ರೆನ್ನುವ ಯಂತ್ರ. ಆ ಯಂತ್ರವೂ ಡಾಕ್ಟರೂ ಔಷಧಿಯೂ ನಡೆಯುತ್ತಿದ್ದದ್ದು ಡಾರ್ಲಾಳ ಕೆಲಸದ ಜೊತೆ ಬಂದ ವಿಮೆಯಿಂದ. ಕೆಲಸ ಹೋದರೆ ವಿಮೆಯೂ ಹೋಗುತ್ತದೆ. ಇದು ಇಬ್ಬರಿಗೂ ಗೊತ್ತಿತ್ತು.

"ಇವತ್ತೂ ಕೊಟ್ಟಿಲ್ಲವಂತೆ," ಎಂದ ಲೈಲ್ ಒಂದು ಸಂಜೆ ಟೀವಿ ನೋಡುತ್ತ.

"ಯಾರು, ಏನನ್ನ?"

"ಅಧ್ಯಕ್ಷರ ರಿಟರ್ನ್ಸು ಕಣೇ. ಸಂಸತ್ತಿನವರು ಕೇಳ್ತಾನೇ ಇದಾರೆ, ಖಜಾನೆ ಮಂತ್ರಿ ಆಗಲ್ಲ ಅಂತಾನೇ ಇದಾನೆ. ತೆರಿಗೆ ಕಾಯ್ದೆ ಬದಲಾಯಿಸಿ ಸಹಿ ಹಾಕಿದ್ದು ಅಧ್ಯಕ್ಷರು. ಅದರಿಂದ ಅವರಿಗೇ ಏನು ಲಾಭ ಆಯ್ತು ಅಂತ ಒಬ್ರೂ ಹೇಳಲ್ಲ."

"ಬೀನ್ಸ್ ಆರಿಹೋಗತ್ತೆ, ತಿನ್ನು."

"ಮುಂಚಿನವರೆಲ್ಲ ತಾವಾಗಿ ತೋರಿಸ್ತಿದ್ರು. ಇವರು ತೋರಿಸಲ್ಲ ಅಂದ್ರೆ ಯಾರೂ ಏನೂ ಮಾಡೋ ಹಾಗಿಲ್ಲ. ಕಾನೂನಲ್ಲಿ ದಾರಿನೇ ಇಲ್ಲ." ಲೈಲ್ ಚಮಚ ಕೆಳಗಿಟ್ಟ. "ನೀನು ನೋಡಬಹುದಲ್ಲ? ನಿಮ್ಮ ಕಂಪ್ಯೂಟರಲ್ಲೇ ಇರತ್ತೆ."

"ನಾನು ನೋಡೋದು ಕೂಡಿಸೋಕೆ ಬರದೋರ ಕಾಗದ. ಅಧ್ಯಕ್ಷರಿಗೆ ಕೂಡಿಸಿಕೊಡೋಕೆ ಹತ್ತು ಜನ ಇರ್ತಾರೆ."

ಅವಳು ನಕ್ಕಳು. ಅವನು ನಗಲಿಲ್ಲ.

ಮಾರನೆಯ ದಿನವೂ ಅದೇ ಮಾತು. ಅದರ ಮಾರನೆಯ ದಿನವೂ.

"ಮದುವೆಯಾದಾಗಿಂದ ನಿನ್ನ ಹತ್ರ ಏನಾದ್ರೂ ಕೇಳಿದೀನಾ?"

"ಬೆಳಗ್ಗೆಯಿಂದ ನಾಲ್ಕು ಸಲ ಕೇಳಿದೀಯ. ನೀರು, ದಿಂಬು, ಕನ್ನಡಕ, ಮತ್ತೆ ದಿಂಬು."

"ತಮಾಷೆ ಬೇಡ. ನನ್ನ ಎದೆ ಹೀಗಾಯ್ತು, ಕಾರ್ಖಾನೆ ಹೋಯ್ತು. ಸಾಯೋಕೆ ಮುಂಚೆ ಒಂದು ನಿಜ ಗೊತ್ತಾಗಲಿ ಅಂದ್ರೆ ತಪ್ಪಾ? ನೀನು ಹೆದರುಪುಕ್ಕಲಿ ಕಣೇ. ಮೊದಲಿಂದಲೂ ಅಷ್ಟೇ."

ಪ್ರತಿ ಜನವರಿಯಲ್ಲಿ ಡಾರ್ಲಾ ಒಂದು ಹಾಳೆಗೆ ಸಹಿ ಹಾಕುತ್ತಿದ್ದಳು. ಕೆಲಸಕ್ಕೆ ಬೇಕಿಲ್ಲದ ಯಾರ ರಿಟರ್ನ್ಸನ್ನೂ ತೆರೆಯುವುದಿಲ್ಲ, ನೆರೆಯವರದ್ದಾಗಲಿ, ತಂಗಿಯದ್ದಾಗಲಿ, ತನ್ನದೇ ಆಗಲಿ. ಬರೀ ನೋಡಿದರೂ ಒಂದು ವರ್ಷದವರೆಗೆ ಜೈಲು. ಹೊರಗೆ ಹೇಳಿದರೆ ಐದು ವರ್ಷದವರೆಗೆ. ಹಾಳೆಯ ಒಂದೊಂದು ಸಾಲೂ ಅವಳಿಗೆ ಬಾಯಿಪಾಠ.

ಆದರೂ ಒಂದು ಗುರುವಾರ ಬೆಳಗ್ಗೆ, ಪಕ್ಕದವಳು ಕಾಫಿಗೆ ಎದ್ದುಹೋದಾಗ, ಡಾರ್ಲಾ ಕಂಪ್ಯೂಟರಿನಲ್ಲಿ ಅಧ್ಯಕ್ಷರ ಹೆಸರು ಟೈಪ್ ಮಾಡಿದಳು. 'ಕಾನೂನಲ್ಲಿ ದಾರಿನೇ ಇಲ್ಲ' ಎಂದು ಗಂಡ ದಿನವೂ ಹೇಳಿ ಹೇಳಿ, ಅವಳಿಗೂ ಹಾಗೇ ಅನ್ನಿಸಿಬಿಟ್ಟಿತ್ತು. ಬೇರೆ ದಾರಿ ಇಲ್ಲದಿದ್ದರೆ ಇದೊಂದು ಮಹಾಪಾಪವೇ?

ಪರದೆ ತೆರೆಯಿತು. ಹೆಸರು, ಕೆಳಗೆ ವಿಳಾಸ. ಅವಳು ಕೂಡಲೇ ಮುಚ್ಚಿಬಿಟ್ಟಳು. ನಾಲ್ಕು ಸೆಕೆಂಡು ತೆರೆದಿತ್ತು ಎಂದು ಆಮೇಲೆ ತನಿಖೆಯವರೇ ಹೇಳಿದರು. ಅಷ್ಟರಲ್ಲಿ ಅವಳು ಓದಿಕೊಂಡದ್ದು ವಿಳಾಸ ಮಾತ್ರ. ವಾಷಿಂಗ್ಟನ್ನಿನ ಆ ಬಿಳಿ ಮನೆಯ ವಿಳಾಸ ಈ ದೇಶದಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು.

ಯಾರು ಏನು ತೆರೆದರೆಂದು ಇಲಾಖೆಯ ಕಂಪ್ಯೂಟರೇ ದಾಖಲಿಸಿಕೊಳ್ಳುತ್ತದೆ; ಮಂಗಳವಾರ ತನಿಖೆಯವರು ಇಬ್ಬರು ಬಂದರು. ಕೂಗಾಡಲಿಲ್ಲ. ಗುರುತಿನ ಚೀಟಿ ಇಸಿದುಕೊಂಡರು, ಒಂದು ರಟ್ಟಿನ ಪೆಟ್ಟಿಗೆ ಕೊಟ್ಟರು, ಬಾಗಿಲವರೆಗೂ ಜೊತೆಗೆ ನಡೆದರು. ಪಕ್ಕದವಳು ತಲೆ ಎತ್ತಲಿಲ್ಲ. ಡಾರ್ಲಾಳಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ, ತಾನಾಗಿದ್ದರೂ ಎತ್ತುತ್ತಿರಲಿಲ್ಲ.

ಶನಿವಾರ ನೌಕರರ ಸಂಘದ ಒಡೆಸ್ಸಾ ಪ್ರೂಯಿಟ್ ಮನೆಗೆ ಬಂದಳು. ಅರವತ್ತು ದಾಟಿದ ಹೆಂಗಸು, ಮಾತು ನೇರ. ನಡೆದದ್ದನ್ನೆಲ್ಲ ಡಾರ್ಲಾ ಫೋನಿನಲ್ಲೇ ಅವಳಿಗೆ ಹೇಳಿದ್ದಳು. ಕೋಟು ಕೂಡ ಬಿಚ್ಚದೆ ಅಡುಗೆಮನೆಯ ಮೇಜಿನ ಹತ್ತಿರ ಕೂತಳು.

"ಕೆಲಸ ಹೋಯ್ತು ಡಾರ್ಲಾ. ಅದನ್ನ ವಾಪಸ್ ತರಿಸ್ತೀನಿ ಅಂತ ಸುಳ್ಳು ಹೇಳಲ್ಲ. ವಿಮೆ ಇನ್ನೊಂದು ತಿಂಗಳು. ಕೋರ್ಟಿಗೆ ಸಂಘದ ಕಡೆಯಿಂದ ವಕೀಲರನ್ನ ಕೊಡಿಸ್ತೀವಿ."

"ನಾಲ್ಕು ಸೆಕೆಂಡಿಗೆ ಇಷ್ಟೆಲ್ಲಾನಾ?" ಎಂದ ಲೈಲ್. "ಅವರು ಬಚ್ಚಿಡಬಹುದು, ನಾವು ನೋಡಬಾರದು. ಸಂಸತ್ತಿನವರಿಗೇ ಹಕ್ಕಿಲ್ಲವಂತೆ, ಇನ್ನು ನಮಗೆಲ್ಲಿ?"

"ಹಕ್ಕಿಲ್ಲ ಅಂತ ಯಾರು ಹೇಳಿದ್ದು ನಿಂಗೆ?"

"ಟೀವೀಲಿ."

"ಟೀವೀಲಿ ಯಾರು?"



ಒಡೆಸ್ಸಾ ಚೀಲದಿಂದ ಒಂದು ಹಾಳೆ ತೆಗೆದಳು. "ಇದು ಸುಮಾರು ನೂರು ವರ್ಷದ ಕಾಯ್ದೆ ಕಣಪ್ಪಾ. ಮಧ್ಯೆ ತಿದ್ದಿದಾರೆ, ಆದರೆ ಈ ಮಾತು ಹಾಗೇ ಇದೆ. ಪ್ರತಿನಿಧಿ ಸಭೆಯಲ್ಲಿ ಒಂದು ತೆರಿಗೆ ಸಮಿತಿ ಇದೆ, ಸೆನೆಟ್‌ನಲ್ಲಿ ಒಂದಿದೆ. ಆ ಸಮಿತಿಯ ಮುಖ್ಯಸ್ಥರು ಬರವಣಿಗೆಯಲ್ಲಿ ಕೇಳಿದರೆ, ಖಜಾನೆ ಮಂತ್ರಿ ಯಾರ ರಿಟರ್ನ್ಸನ್ನೇ ಆಗಲಿ ಒದಗಿಸತಕ್ಕದ್ದು. ಓದು. ಒದಗಿಸಬಹುದು ಅಂತಿದೆಯಾ?"

ಲೈಲ್ ಕನ್ನಡಕ ಹಾಕಿಕೊಂಡು ಓದಿದ. "ಒದಗಿಸತಕ್ಕದ್ದು ಅಂತಿದೆ."

"ಅಧ್ಯಕ್ಷರನ್ನ ಬಿಟ್ಟು ಅಂತ ಎಲ್ಲಾದರೂ ಇದೆಯಾ?"

"ಇಲ್ಲ."

"ಹ್ಞಾಂ."

"ಮತ್ತೆ ಯಾಕೆ ಕೊಡ್ತಿಲ್ಲ?"

"ಮಂತ್ರಿ ಹೇಳೋದು, ಸಮಿತಿಯವರಿಗೆ ಕಾನೂನು ಮಾಡೋ ಉದ್ದೇಶ ಇಲ್ಲ, ಅಧ್ಯಕ್ಷರ ಮಾನ ಕಳೆಯೋ ಉದ್ದೇಶ ಅಂತ. ಆ ಪ್ರಶ್ನೆ ಪೂರ್ತಿ ಹುಚ್ಚುಮಾತೇನಲ್ಲ. ಸಂಸತ್ತಿನವರು ಪೊಲೀಸರಲ್ಲ, ಸುಮ್ಮನೆ ಕೆದಕೋ ಹಾಗಿಲ್ಲ. ಕಾನೂನು ಮಾಡೋಕೆ ಬೇಕು ಅನ್ನೋ ಕಾರಣ ಇರಬೇಕು. ಸಮಿತಿಯವರು ಕಾರಣ ಕೊಟ್ಟಿದಾರೆ. ಅಧ್ಯಕ್ಷರ ಲೆಕ್ಕನ ಪ್ರತಿ ವರ್ಷ ಪರಿಶೀಲಿಸಬೇಕು ಅಂತ ನಮ್ಮ ಇಲಾಖೆಯ ನಿಯಮ. ಅದು ಸರಿಯಾಗಿ ನಡೀತಿದೆಯಾ, ಅದಕ್ಕೊಂದು ಕಾಯ್ದೆ ಬೇಕಾ ಅಂತ ನೋಡ್ಬೇಕು ಅಂತಾರೆ. ಈಗ ಕೋರ್ಟು ತೂಗಬೇಕು."

ಲೈಲ್ ಹಾಳೆಯನ್ನು ಮೇಜಿನ ಮೇಲಿಟ್ಟ. "ಯಾರದ್ದೇ ಆಗಲಿ ಅಂದ್ರೆ, ನಾಳೆ ನನ್ನದನ್ನೂ ಕೇಳಬಹುದಾ? ನನ್ನ ಡಾಕ್ಟರ ಖರ್ಚೆಲ್ಲ ಅದರಲ್ಲಿದೆ."

"ಕೇಳಬಹುದು. ನಂಗೂ ಅದರ ಹೆದರಿಕೆ ಇದೆ, ಇಲ್ಲ ಅನ್ನಲ್ಲ. ಅದಕ್ಕೇ ಕಾರಣ ಬೇಕು, ಅದಕ್ಕೇ ಬಾಗಿಲು ಹಾಕಿಕೊಂಡು ಓದಬೇಕು. ಆಮೇಲೆ ಊರಿಗೆ ಹೇಳೋದಾದರೆ ಸಮಿತಿ ಮತ ಹಾಕಿ ಹೇಳಬೇಕು, ಅದೂ ತನ್ನ ಸಭೆಗೆ ವರದಿ ಕೊಟ್ಟು. ಗುಮಾಸ್ತೆಯ ಕೈಲಿ ಕದ್ದು ನೋಡಿಸೋದಲ್ಲ."

ಡಾರ್ಲಾ ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು. "ಸಮಿತಿಯವರು ಮಂತ್ರಿಗೆ ಕಾಗದ ಯಾವಾಗ ಬರೆದಿದ್ರು, ಒಡೆಸ್ಸಾ?"

"ಹೋದ ವರ್ಷವೇ. ಇವನು ನಿನ್ನ ಕೇಳೋಕೆ ಶುರುಮಾಡಿದಾಗ ಆಗಲೇ ಕೋರ್ಟಲ್ಲಿತ್ತು."

ಡಾರ್ಲಾ ಹಾಳೆಯನ್ನು ಮಡಿಸಿ ಗಂಡನ ಮುಂದಿಟ್ಟಳು.

"ಇನ್ನೊಂದು ಹೇಳಿಬಿಡ್ತೀನಿ, ಬೇಜಾರಾದರೂ ಸರಿ," ಎಂದಳು ಒಡೆಸ್ಸಾ. "ಈಗ ಅಧ್ಯಕ್ಷರ ಕಡೆಯ ವಕೀಲರಿಗೆ ಒಂದು ಮಾತು ಸಿಕ್ಕಿತು. ಇಲಾಖೆಯವರೇ ಇಣುಕ್ತಾರೆ, ಇನ್ನು ಸಂಸತ್ತಿನ ಕೈಗೆ ಕೊಟ್ಟರೆ ಏನಾಗತ್ತೆ ಅಂತಾರೆ. ನೀವು ತೆಗೀಬೇಕು ಅಂದುಕೊಂಡ ಬಾಗಿಲಿಗೆ ನೀವೇ ಇನ್ನೊಂದು ಚಿಲಕ ಹಾಕಿದಿರಿ."

ಲೈಲ್ ಹೆಂಡತಿಯ ಕಡೆ ತಿರುಗಿದ. "ನಾನು ನಿನ್ನ ಹೆದರುಪುಕ್ಕಲಿ ಅಂದೆ."

"ಅಂದೆ."

"ನಾನೇ ಒತ್ತಾಯ ಮಾಡಿದ್ದು ಅಂತ ಜಡ್ಜಿಗೆ ಹೇಳ್ತೀನಿ."

"ಹೇಳು. ಆದರೆ ಬೆರಳು ನನ್ನದು ಲೈಲ್. ಅದನ್ನೂ ಹೇಳಬೇಕಾಗತ್ತೆ."

"ವಕೀಲರನ್ನ ಕೇಳದೆ ಇಬ್ಬರೂ ಎಲ್ಲೂ ಬಾಯಿ ಬಿಡಬೇಡಿ," ಎಂದಳು ಒಡೆಸ್ಸಾ. "ಒಂದು ಕೆಲಸ ಮಾತ್ರ ಇವತ್ತೇ ಮಾಡಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ನಿಮ್ಮ ಪ್ರತಿನಿಧಿಗೆ ಬರೀರಿ."

ಲೈಲ್ ಉಸಿರು ಹಿಡಿದು ಹಿಡಿದು ಒಂದು ಪುಟ ಬರೆದ. ಸಮಿತಿಯ ಬೇಡಿಕೆಗೆ ನೀವು ಯಾವ ಕಡೆ, ಯಾಕೆ, ಎಂದು ಕೇಳಿದ. ಓದಿದ್ದು ಬೀದಿಗೆ ಬರದಂತೆ ಏನು ಮಾಡುತ್ತೀರಿ ಎಂದೂ ಕೇಳಿದ. ತನ್ನ ಕಾಯಿಲೆಯ ವಿಷಯ ಬರೆಯಲಿಲ್ಲ. ಕೊನೆಗೆ ಇಬ್ಬರೂ ಸಹಿ ಹಾಕಿದರು.

ಓದುವವರೇ, ನಿಮ್ಮ ಮನೆಯಲ್ಲೋ ನೆರೆಯಲ್ಲೋ ತೆರಿಗೆ ಇಲಾಖೆಯವರಿದ್ದರೆ, ತಮಾಷೆಗೂ ಅವರನ್ನು ಈ ಮಾತು ಕೇಳಬೇಡಿ. ಕೇಳುವ ದಾರಿ ಕಾನೂನಿನಲ್ಲಿದೆ. ಅದು ನಿಧಾನ, ಆದರೆ ಅದು ನಿಮ್ಮದು. ನಿಮ್ಮ ಪ್ರತಿನಿಧಿಗೆ ಕಾಗದ ಬರೆಯಿರಿ, ಅವರು ಊರಿನ ಸಭೆಗೆ ಬಂದಾಗ ಎದ್ದುನಿಂತು ಕೇಳಿ. ತಪ್ಪಿಸಿಕೊಂಡು ಮಾತಾಡುವವರನ್ನು ಮತ ಹಾಕುವ ದಿನ ನೆನಪಿಟ್ಟುಕೊಳ್ಳಿ.

ಇದನ್ನು ಅಚ್ಚಿಗೆ ಕೊಡುವ ಹೊತ್ತಿಗೆ ಕೋರ್ಟು ಇನ್ನೂ ತೀರ್ಪು ಹೇಳಿಲ್ಲ. ಈ ಸಂಸತ್ತಿನ ಅವಧಿ ಮುಗಿಯುವುದರೊಳಗೆ ಸಮಿತಿಗೆ ಆ ಕಾಗದಗಳು ಸಿಗುತ್ತವೆಯೋ ಇಲ್ಲವೋ ಗೊತ್ತಿಲ್ಲ. ಅವುಗಳಲ್ಲಿ ತಪ್ಪೇನಾದರೂ ಇದೆಯೋ, ಏನೂ ಇಲ್ಲವೋ, ಅದೂ ಗೊತ್ತಿಲ್ಲ. ಡಾರ್ಲಾಳ ವಿಚಾರಣೆ ಮುಂದಿನ ತಿಂಗಳು. ಲೈಲ್‌ನ ವಿಮೆ ಅದಕ್ಕೆ ಮುಂಚೆ ಮುಗಿಯುತ್ತದೆ. ಆಮೇಲೆ ಆ ಮನೆ ಹೇಗೆ ನಡೆಯುತ್ತದೆ ಎಂದು ಕೇಳಿದರೆ ಹೇಳಲು ನಮ್ಮ ಹತ್ತಿರ ಉತ್ತರವಿಲ್ಲ.