ಅರ್ಧ ಬೆರಳು ಬಟ್ಟೆ

ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದಿಂದ ಬಟ್ಟೆ ಕತ್ತರಿಸುತ್ತಿದ್ದ ಕತ್ತರಿ ಅಕ್ಕನಿಗೆ ಹೊಸ ಮೇಲ್ವಿಚಾರಕನ ಮೇಲೆ ಮೊದಲ ದಿನದಿಂದಲೂ ಗುಮಾನಿ. ಯಜಮಾನರ ಅಳಿಯ ಬೇರೆ. ಹಲ್ಲು ಕಾಣಿಸದಂತೆ ನಗುವವನನ್ನು ನಂಬುವುದಾದರೂ ಹೇಗೆ?

ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಮನೆಗೆ ಕಳಿಸಬೇಕು ಎಂಬ ಪಟ್ಟಿ ಇಂದು ಅವನ ಮೇಜಿನ ಮೇಲಿತ್ತು. ಹೊಲಿಗೆಯ ಇಬ್ಬರು ಹೆಂಗಸರ ಹೆಸರಿಗೆ ಗೀಟು ಎಳೆದಾಗಿತ್ತು. ಆಗಬೇಕಾದ್ದೇ ಎಂದುಕೊಂಡಳು. ಹೋದ ತಿಂಗಳು ಕಂಕುಳ ಹೊಲಿಗೆ ಬಿಟ್ಟು ವಾಪಸು ಬಂದ ಅಂಗಿಗಳೇನು ಒಂದೆರಡೇ? ಆದರೆ ತನ್ನ ಹೆಸರಿನ ಮುಂದೆ ತನಗೆ ಅರ್ಥವಾಗದ ಒಂದೇ ಒಂದು ಇಂಗ್ಲಿಷ್ ಪದವಿತ್ತು. ಅದನ್ನು ಅಂಗೈ ಮೇಲೆ ಗೀಚಿಕೊಂಡು, ಸಂಜೆ ನೇರ ತಂಗಿಯ ಮನೆಗೆ ನುಗ್ಗಿದಳು. ತಂಗಿ ಶಾಲೆಯಲ್ಲಿ ಇಂಗ್ಲಿಷ್ ಮೇಡಂ.

“ಚೂರುಬಟ್ಟೆ ಕದೀತಾಳೆ ಅಂತ್ಲೇ ಬರ್ದಿರ್ತಾನೆ ಕಣೇ. ನನ್ನ ಕಂಡ್ರೆ ಅವನಿಗೆ ಆಗಲ್ಲ.”

“ಚೀಸ್‌ಪೇರಿಂಗ್,” ಎಂದು ತಂಗಿ ಓದಿದಳು. “ಇದನ್ನ ನಾನೂ ಕೇಳಿರೋದು ಅಪರೂಪ. ತಡಿ, ನೋಡೋಣ.”

ಕಪಾಟಿನ ಮೇಲಿದ್ದ ನಿಘಂಟಿಗೆ ಕೈ ಎತ್ತಿದಾಗ ಅವಳ ಕಂಕುಳಲ್ಲಿ ಹೊಲಿಗೆ ಚರ್ರೆಂದು ಬಿಟ್ಟಿತು. ಅಕ್ಕನೇ ಕತ್ತರಿಸಿಕೊಟ್ಟಿದ್ದ ಅಂಗಿ. ತಂಗಿ ತೋಳು ಒತ್ತಿಕೊಂಡು, ಏನೂ ಆಗದವಳಂತೆ ಪುಟ ತಿರುವಿದಳು.

“ಅತಿಯಾಗಿ ಉಳಿಸೋ ಜಿಪುಣ ಬುದ್ಧಿ ಅಂತ. ಪೇರಿಂಗ್ ಅಂದ್ರೆ ಹೆರೆಯೋದು. ಚೀಸ್ ಮೇಲೆ ಗಟ್ಟಿ ಸಿಪ್ಪೆ ಇರತ್ತಲ್ಲ, ಅದನ್ನ ತೆಗೆಯುವಾಗ ಒಳಗಿನದು ಒಂದು ಚೂರೂ ಹೋಗಬಾರದು ಅಂತ ತೆಳ್ಳಗೆ ಹೆರೆಯೋರಿಂದ ಬಂದ ಮಾತು.”

“ಕಳ್ಳಿ ಅಂತಲ್ವಾ?”

“ಅಲ್ಲ.”

ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಅದರ ಹಿಂದೆಯೇ ಸಿಟ್ಟು. “ಜಿಪುಣಿ ಅಂತಾನಾ? ಒಂದು ಥಾನು ಬಟ್ಟೇಲಿ ಒಂದು ಅಂಗಿಗಾಗುವಷ್ಟು ಉಳಿಸ್ಕೊಡ್ತೀನಿ ನಾನು! ಹೇಗೆ ಗೊತ್ತಾ? ಹೊಲಿಗೆಗೆ ಬಿಡೋ ಅಂಚಲ್ಲಿ ಅರ್ಧ ಬೆರಳು ಕಡಿಮೆ…”

ಮಾತು ಅಲ್ಲೇ ನಿಂತಿತು. ತಂಗಿಯ ತೋಳನ್ನು ಎತ್ತಿ ನೋಡಿದಳು. ನೂಲು ಗಟ್ಟಿಯಾಗಿಯೇ ಇತ್ತು. ಅದು ಹಿಡಿದುಕೊಳ್ಳಲು ಬಟ್ಟೆಯೇ ಇರಲಿಲ್ಲ.

“ಎಷ್ಟನೇ ಸಲ ಇದು?”

“ಮೂರನೇದು. ನಿಂಗೆ ಬೇಜಾರಾಗತ್ತೆ ಅಂತ ನಾನೇ ಹೊಲ್ಕೋತಿದ್ದೆ.”

ಹೊಲಿಗೆಯವರ ಮೇಲೆ ಗೂಬೆ ಕೂರಿಸಿದವಳು ತಾನೇ. ‘ನೂಲು ಕಳಪೆ, ಇವರು ಮೈಗಳ್ಳರು’ ಎಂದು ಅಳಿಯನ ಕಿವಿ ಊದಿದವಳೂ ತಾನೇ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಬೆಳಗ್ಗೆ ಆ ಹರಿದ ಅಂಗಿಯನ್ನು ಅಳಿಯನ ಮೇಜಿನ ಮೇಲೆ ಹರವಿದಳು.

“ನನ್ನ ಹೆಸರಿನ ಮುಂದೆ ಬರ್ದಿದೀರಲ್ಲ ಸಾರ್, ಅದು ಹಾಗೇ ಇರ್ಲಿ. ಆ ಇಬ್ಬರ ಮೇಲಿರೋ ಗೀಟು ಅಳಿಸಿ. ತಪ್ಪು ನನ್ನ ಕತ್ತರೀದು.”

ಇದರಲ್ಲೇನು ಮಸಲತ್ತಿದೆಯೋ ಎಂಬಂತೆ ಅಳಿಯ ಅವಳನ್ನೇ ದಿಟ್ಟಿಸಿದ.