ದೇವಿಬಾಯಿಯ ಎಡಗಾಲು

ದೇವಿಬಾಯಿ ಬರುವುದನ್ನು ನಾನು ಕಣ್ಣಿಗಿಂತ ಮೊದಲು ಕಿವಿಯಿಂದ ತಿಳಿಯುತ್ತಿದ್ದೆ. ಮದುವೆಯಲ್ಲಿ ಅತ್ತೆ ತೊಡಿಸಿದ ಬೆಳ್ಳಿಯ ಕಡಗಗಳು, ಒಂದೊಂದು ಕಾಲಿಗೆ ಎರಡೆರಡು, ಹೆಜ್ಜೆಹೆಜ್ಜೆಗೂ ಒಂದಕ್ಕೊಂದು ತಾಗಿ ನುಡಿಯುತ್ತಿದ್ದವು. ಆ ದನಿಯ ಹಿಂದೆಯೇ, ಕನ್ನಡಿ ಕೂರಿಸಿದ ಚೀಲಗಳ ಗಂಟನ್ನು ತಲೆಯ ಮೇಲಿಟ್ಟುಕೊಂಡು, ಯಾರಿಗೂ ದಾರಿ ಬಿಡದ ಠೀವಿಯಿಂದ ಆಕೆ, ಕನ್ನಡನಾಡು ಬಿಟ್ಟು ದುಡಿಯಲು ಬಂದವರು ನೆಲೆಸಿದ ಝುವಾರಿನಗರದ ನಮ್ಮ ಓಣಿಯನ್ನು ಇಳಿದು, ಅವನ್ನು ಮಾರಲೆಂದು ಕಡಲದಂಡೆಯ ಬಸ್ಸಿಗೆ ಹೊರಡುತ್ತಿದ್ದಳು.

ಆಕೆಯ ಸಿಟ್ಟು ಓಣಿಗೆಲ್ಲ ಪರಿಚಿತ. ಒಮ್ಮೆ ನಾನೂ ಕಡಲದಂಡೆಯಲ್ಲಿದ್ದಾಗ ಪ್ರವಾಸಿಯೊಬ್ಬ ಆಕೆಯ ಕೈಹೊಲಿಗೆಯನ್ನು ಮಶೀನಿನದೆಂದು ಜರೆದು ಹೋದ. ಅವನು ಎಳನೀರು ಕುಡಿದು, ಕಾರು ಹತ್ತಿ ಮರೆಯಾದ ಮೇಲೂ ಆಕೆ ಬರಿಯ ಮರಳಿಗೆ ಬೈಯುತ್ತಲೇ ಇದ್ದಳು. "ಹೋಗ್ಯಾನ ಬಿಡವಾ" ಎಂದೆ.

"ಅಂವ ಹೋಗ್ಯಾನ್ರಿ ಮಾಸ್ತರ, ನಂದಿನ್ನೂ ಮುಗದಿಲ್ಲ!"

ಕೊರೋನಾದ ಎರಡನೆಯ ಅಲೆಯಲ್ಲಿ ಆಕೆ ಆಸ್ಪತ್ರೆ ಸೇರಿ, ಆಕ್ಸಿಜನ್ ನೆರವಿನಿಂದ ಉಸಿರಾಡಿ, ಗೆದ್ದು ಬಂದಳು. ಬಂದ ಕೆಲವು ದಿನಗಳಿಗೆ ಓಣಿಯಲ್ಲಿ ಬಲಗಾಲು ಮಾತ್ರ ನುಡಿಯಿತು. ಎಡಗಾಲು ಬಾತು, ಕಡಗಗಳು ಬಿಗಿದು ಮೂಕವಾಗಿದ್ದವು. "ಮಲಗಿ ಮಲಗಿ ಹಿಡಕೊಂಡೈತ್ರಿ. ದಿನಾ ಎಣ್ಣಿ ಹಚ್ಚಿ ತಿಕ್ಕಾಕತ್ತೇನಿ" ಎಂದಳು. ನನಗೇಕೋ ಆ ಮೌನ ಹಿಡಿಸಲಿಲ್ಲ. ಬಂದರಿನಲ್ಲಿ ಕಬ್ಬಿಣ ಕೊಯ್ಯುವ ಕೆಲಸದಲ್ಲಿದ್ದ ಆಕೆಯ ಗಂಡ ಸೋಮಲಪ್ಪನನ್ನು ಕರೆಸಿದೆ. ಮೂವರೂ ಆಸ್ಪತ್ರೆಗೆ ಹೋದೆವು.

ತಿಕ್ಕುವ ಮಾತು ಕೇಳಿ ವೈದ್ಯೆ ಬೆಚ್ಚಿದರು. ವೈರಸ್ಸಿನ ವಿರುದ್ಧ ಏಳುವ ದೇಹದ ರಕ್ಷಣೆ ಕೆಲವರಲ್ಲಿ ಮಿತಿಮೀರಿ, ರಕ್ತನಾಳಗಳ ಒಳಮೈಯನ್ನೇ ಗಾಸಿಗೊಳಿಸಿ, ರಕ್ತವನ್ನು ಹೆಪ್ಪುಗಟ್ಟಿಸುವುದಂತೆ. ತಿಕ್ಕಿದರೆ ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಿ ಪ್ರಾಣವನ್ನೇ ತೆಗೆಯಬಹುದಂತೆ. "ರೋಗ ಹೋಗಿದೆ, ಅದರ ಮೇಲಿನ ಮೈಯ ಸಿಟ್ಟು ಇಳಿದಿಲ್ಲ" ಎಂದು ಹಿಂದಿಯಲ್ಲಿ ತಿಳಿಸಿ ಹೇಳಿದರು.

"ಈಕಿ ಮೈ ಅಲ್ಲೇನ್ರಿ, ಮತ್ತ ಹೆಂಗಿರ್ತೈತಿ?" ಎಂದು ಸೋಮಲಪ್ಪ ನನ್ನ ಕಿವಿಯಲ್ಲಿ ಪಿಸುಗುಟ್ಟಿದ.

ಬಾತ ಕಾಲಿನಲ್ಲಿ ರಕ್ತದ ಓಟ ತಡೆಯುತ್ತಿದ್ದ ಕಡಗಗಳನ್ನು ಕತ್ತರಿಸಲೇಬೇಕಿತ್ತು. ದೇವಿಬಾಯಿ ಕಾಲೆಳೆದುಕೊಂಡಳು. ಗಂಡ ಸತ್ತವಳ ಕಡಗ ತೆಗೆಯುವುದನ್ನಷ್ಟೇ ಆಕೆ ತನ್ನ ತಾಂಡಾದಲ್ಲಿ ಕಂಡಿದ್ದಳು.

"ಕಾಲು ಹೋದ್ರೂ ಹೋಗ್ಲಿ, ಕಡಗ ಮುಟ್ಟಬ್ಯಾಡ್ರಿ."

"ಕಾಲಷ್ಟ ಅಲ್ಲ, ನೀನ ಹೋಗ್ತಿ. ಆಮ್ಯಾಲೆ ನಾ ಯಾರ ಕೂಡ ಜಗಳಾಡ್ಲಿ?" ಎಂದ ಸೋಮಲಪ್ಪ.

ಆಕೆ ಎಡಗಾಲನ್ನು ಅವನ ಮುಂದೆ ಚಾಚಿದಳು. "ಹಂಗಾರ ನೀನ ಕೊಯ್ಯಿ. ಬದುಕಿರೋ ಗಂಡನ ಕೈಯಾರ ತಗದಾನಂತ ಎಲ್ಲಾರೂ ನೋಡ್ಲಿ."

ವೈದ್ಯೆ ಒಪ್ಪಿ, ಚರ್ಮಕ್ಕೆ ತಗಲದಂತೆ ಕಡಗದಡಿ ತೆಳುವಾದ ತಗಡನ್ನು ಸರಿಸಿದರು. ದಿನವೂ ಕಬ್ಬಿಣ ಕೊಯ್ಯುವ ಸೋಮಲಪ್ಪ ಅಂದು ಆಕೆಯ ಕಾಲ ಬಳಿ ಕುಳಿತು, ಬೆಳ್ಳಿಯ ಎರಡೂ ಕಡಗಗಳನ್ನು ಕೊಯ್ದ.

ಈಗ ಆಕೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ ನುಂಗುತ್ತ, ಬಲಗಾಲೊಂದನ್ನೇ ನುಡಿಸುತ್ತ ಮತ್ತೆ ಬಸ್ಸಿಗೆ ಹೋಗುತ್ತಾಳೆ. ಬೈಗುಳವೇನೂ ತಗ್ಗಿಲ್ಲ. ಹೆಪ್ಪುಗಟ್ಟುವ ರಕ್ತಕ್ಕೆ ಮನುಷ್ಯನ ಸ್ವಭಾವದ ಹಂಗಿಲ್ಲವೆಂದು ನಾನು ಬಲ್ಲೆ. ಆದರೂ ಆಕೆಯಂಥವರನ್ನು ಕಂಡಾಗ ಅನಿಸುವುದುಂಟು, ಪರನಾಡಿನ ಮರಳಿನಲ್ಲಿ ಇವರನ್ನು ನೆಲೆ ನಿಲ್ಲಿಸಿದ ಸಿಟ್ಟೇ ಇವರನ್ನು ಒಳಗಿನಿಂದ ಸುಡಲೂ ಬಲ್ಲದು. ಅರೆಮನಸ್ಸಿನಿಂದ ಹೋರಾಡುವುದು ಇವರಿಗೆ ತಿಳಿಯದು. ಇನ್ನು ಸಾಕೆಂದು ಹೇಳಲು, ಆ ಸಿಟ್ಟಿಗೆ ಹೆದರದೆ ಕಾಲ ಬಳಿ ಕೂಡಬಲ್ಲ ಒಬ್ಬರು ಮಾತ್ರ ಇವರಿಗೆ ಬೇಕು.